ಹುಲಜಂತಿ ಜಾತ್ರೆಯಲ್ಲಿ ಒಂದು ರಾತ್ರಿ

ಜಾತ್ರೆ ನೋಡುವುದು ಬೇರೆ, ಜಾತ್ರೆಯಲ್ಲಿ ತಂಗುವುದು ಬೇರೆ. ಹಗಲು ಹೋಗಿ, ಬೆಂಡು-ಬತ್ತಾಸು ಕೊಂಡು, ಮಕ್ಕಳನ್ನು ತಿರುಗುವ ತೊಟ್ಟಿಲಲ್ಲಿ ಕೂರಿಸಿ, ಸಂಜೆಯ ಬಸ್ಸಿಗೆ ಮರಳುವವರಿಗೆ ಜಾತ್ರೆ ಎಂದರೆ ಅಂಗಡಿಗಳ ಸಾಲು. ಅಲ್ಲಿಯೇ ಬಯಲಲ್ಲಿ ಹಾಸಿಗೆ ಬಿಚ್ಚಿ ಮಲಗಿದವರಿಗೆ ಅದೊಂದು ಊರು. ಎರಡು-ಮೂರು ದಿನ ಬದುಕಿ, ಆಮೇಲೆ ಗಂಟು ಕಟ್ಟಿಕೊಂಡು ಹೊರಟುಹೋಗುವ ಊರು. ಅಂಥ ಊರನ್ನು ನೋಡಬೇಕೆಂಬ ಆಸೆಯಿಂದ ನಾವು ಎರಡು ಕುಟುಂಬದವರು, ಮಕ್ಕಳನ್ನೂ ಕರೆದುಕೊಂಡು, ಒಂದು ದೀಪಾವಳಿ ಅಮಾವಾಸ್ಯೆಗೆ ಹುಲಜಂತಿಗೆ ಹೋಗಿ ಬಂದೆವು. ನಮ್ಮಲ್ಲಿ ಯಾರೂ ಅದಕ್ಕೆ ಮುಂಚೆ ಬಯಲಲ್ಲಿ ರಾತ್ರಿ ಕಳೆದವರಲ್ಲ.

ಹುಲಜಂತಿ ಇರುವುದು ಮಹಾರಾಷ್ಟ್ರದ ಸೋಲಾಪುರ ಜಿಲ್ಲೆಯ ಮಂಗಳವೇಢೆ ತಾಲೂಕಿನಲ್ಲಿ, ನಮ್ಮ ವಿಜಯಪುರ ಜಿಲ್ಲೆಯ ಗಡಿಗೆ ಹತ್ತಿರ. ವಿಜಯಪುರದ ಕಡೆಯಿಂದ ಬರುವವರು ಚಡಚಣದ ಮೇಲಿಂದ, ಸೋಲಾಪುರದಿಂದ ಬರುವವರು ಮಂಗಳವೇಢೆಯ ಮೇಲಿಂದ ಬರುತ್ತಾರೆ. 1956ರ ನವೆಂಬರ್ 1ರಂದು ರಾಜ್ಯಗಳ ಗೆರೆ ಎಳೆದಾಗ ಈ ಊರು ಆಚೆ ಉಳಿಯಿತು. ಆದರೆ ಈ ನೆಲದ ಮಾತು ಗೆರೆ ಎಳೆದಂತೆ ತುಂಡಾಗಲಿಲ್ಲ. ಒಂದೇ ಅಂಗಡಿಯಲ್ಲಿ ಬೆಲೆ ಮರಾಠಿಯಲ್ಲಿ ಕೇಳಿ, ಚೌಕಾಸಿ ಕನ್ನಡದಲ್ಲಿ ಮಾಡಿ, ಚಿಲ್ಲರೆ ಎಣಿಸುವಾಗ ಮತ್ತೆ ಮರಾಠಿಗೆ ಮರಳುವವರನ್ನು ಇಲ್ಲಿ ನೋಡಬಹುದು. ಹನ್ನೆರಡನೆಯ ಶತಮಾನದಲ್ಲಿ ಕಲಚೂರಿ ಬಿಜ್ಜಳನ ಕಾಲಕ್ಕೆ ಹೆಸರಾಗಿದ್ದ ಮಂಗಳವಾಡವೇ ಇಂದಿನ ಮಂಗಳವೇಢೆ. ಸಂತ ಚೋಖಾಮೇಳರು ಕೊನೆಯುಸಿರೆಳೆದದ್ದೂ ಅಲ್ಲಿಯೇ. ದಾರಿಯುದ್ದಕ್ಕೂ ಕಪ್ಪು ಮಣ್ಣಿನ ಹೊಲಗಳು, ಅವುಗಳಲ್ಲಿ ಹಿಂಗಾರಿ ಜೋಳ. ಮಂಗಳವೇಢೆಯ ಜೋಳಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆತಿದೆ.

ಯಾರ ಜಾತ್ರೆ?

ಇದು ಮಾಳಿಂಗರಾಯನ ಜಾತ್ರೆ. ಮರಾಠಿಯಲ್ಲಿ ಮಹಾಲಿಂಗರಾಯ ಎನ್ನುತ್ತಾರೆ. ಕುರುಬರು, ಅಂದರೆ ಹಾಲುಮತದವರು, ಮತ್ತು ಮಹಾರಾಷ್ಟ್ರದ ಧನಗರರು ಈತನನ್ನು ಬೀರಪ್ಪನ ಶಿಷ್ಯನೆಂದು ಪೂಜಿಸುತ್ತಾರೆ. ಉತ್ತರ ಕರ್ನಾಟಕದ ಡೊಳ್ಳಿನ ಹಾಡು ಕೇಳಿ ಬೆಳೆದವರಿಗೆ ಹುಲಜಂತಿ ಮಾಳಿಂಗರಾಯ ಎಂಬ ಹೆಸರು ಹೊಸದೇನಲ್ಲ. ಕರ್ನಾಟಕ, ಮಹಾರಾಷ್ಟ್ರ, ತೆಲಂಗಾಣ, ಆಂಧ್ರಗಳಿಂದ ಜನ ಸೇರುತ್ತಾರೆ. ಅಮಾವಾಸ್ಯೆಯ ನಡುರಾತ್ರಿ ಗುಡಿಯ ಶಿಖರಕ್ಕೆ ಮುಂಡಾಸು ಕಟ್ಟುವುದು, ಮರುದಿನ ಪಲ್ಲಕ್ಕಿಗಳ ಭೇಟಿ, ಇವೆರಡೇ ಇಲ್ಲಿಯ ದೊಡ್ಡ ಘಟನೆಗಳು. ಕೈಲಾಸದಿಂದ ಶಿವ-ಪಾರ್ವತಿಯರೇ ಬಂದು ಶಿಷ್ಯನ ತಲೆಗೆ ಮುಂಡಾಸು ಸುತ್ತುತ್ತಾರೆಂಬುದು ಭಕ್ತರ ನಂಬಿಕೆ. ಅದು ಹೇಗೆ ಸುತ್ತಿಕೊಂಡಿದೆ ಎಂದು ನೋಡಿ, ಬರುವ ವರ್ಷದ ಮಳೆ-ಬೆಳೆ ಹೇಳುವ ರೂಢಿಯೂ ಇದೆ.

ನಾವು ಬೇರೆ ಧರ್ಮದವರು. ಇಂಥಲ್ಲಿ ಹೇಗಿರಬೇಕೆಂದು ಮಕ್ಕಳಿಗೆ ಮೊದಲೇ ಹೇಳಿಕೊಟ್ಟಿದ್ದೆವು. ನಾವು ಅತಿಥಿಗಳು. ಆತಿಥೇಯರ ನಂಬಿಕೆಯನ್ನು ಪರೀಕ್ಷೆ ಮಾಡುವ ಕೆಲಸ ಅತಿಥಿಯದಲ್ಲ. ಗುಡಿಯ ಹತ್ತಿರ ಚಪ್ಪಲಿ ಬಿಡುವುದು, ಪಲ್ಲಕ್ಕಿಯ ದಾರಿಗೆ ಅಡ್ಡ ನಿಲ್ಲದಿರುವುದು, ಕೇಳದೆ ಯಾರ ಫೋಟೋವನ್ನೂ ತೆಗೆಯದಿರುವುದು, ಇಷ್ಟು ಸಾಕು. ನೀವು ಯಾವ ಊರಿನವರು, ಯಾವ ಮತದವರು ಎಂದು ಕೇಳಿದರೆ ಇದ್ದದ್ದನ್ನು ಹೇಳಿದೆವು. ಕೇಳಿದವರ ಮುಂದಿನ ಪ್ರಶ್ನೆ ಒಂದೇ ಆಗಿತ್ತು: ಊಟವಾಯಿತೇ?

ಬಿಡಾರ ಹೂಡುವುದು

ಅಂಗಡಿಯಲ್ಲಿ ಸಿಗುವ ಹೊಸ ಬಗೆಯ ಟೆಂಟು ನಮ್ಮಲ್ಲೊಂದಿತ್ತು. ಅದನ್ನು ಬಿಚ್ಚಿ ಕಂಬಿ ಜೋಡಿಸುವಾಗ ಸುತ್ತ ಮಕ್ಕಳ ಗುಂಪು ಸೇರಿತು. ಪಕ್ಕದಲ್ಲಿ ಬಂದಿಳಿದ ಕುರುಬ ಕುಟುಂಬವೊಂದು ಟ್ರಾಲಿಯ ಪಕ್ಕಕ್ಕೆ ತಾಡಪತ್ರಿ ಎಳೆದು, ಎರಡು ಕೋಲು ನೆಟ್ಟು, ಮೂರು ಕಲ್ಲಿನ ಒಲೆ ಹೂಡಿ, ನಾವು ಇನ್ನೂ ಕಂಬಿ ಹುಡುಕುತ್ತಿರುವಾಗಲೇ ಚಹಾ ಕುದಿಸುತ್ತಿತ್ತು. ಅವರ ಮನೆಯ ಅಜ್ಜಿ ಬಂದು ನಮ್ಮ ಡೇರೆಯ ಸುತ್ತ ಒಂದು ಸುತ್ತು ಹಾಕಿ ಬಾಗಿಲು ಯಾವ ಕಡೆಗಿದೆ ಎಂದು ನೋಡಿದರು. ಗಾಳಿ ಬೀಸುವ ಕಡೆಗೆ ಬೆನ್ನು ಮಾಡಿ ಹೂಡಬೇಕು, ತಗ್ಗಿನಲ್ಲಿ ಮಲಗಬಾರದು, ಒಲೆಯನ್ನು ಗಾಳಿಯ ಕೆಳಗಿನ ಬದಿಗೆ ಇಡಬೇಕು, ಹೊದೆಯುವುದಕ್ಕಿಂತ ಹಾಸುವುದು ದಪ್ಪ ಇರಬೇಕು, ಏಕೆಂದರೆ ಚಳಿ ಹತ್ತುವುದು ನೆಲದಿಂದ. ಎಲ್ಲವನ್ನೂ ಅವರು ನಾಲ್ಕು ಮಾತಿನಲ್ಲಿ ಮುಗಿಸಿದರು. ವರ್ಷದ ಹೆಚ್ಚು ತಿಂಗಳು ಹೊಲದಿಂದ ಹೊಲಕ್ಕೆ ಬಿಡಾರ ಬದಲಿಸುವವರ ಬಾಯಿಂದ ಬಂದ ಮಾತು ಅದು.

ನಮ್ಮ ಮಕ್ಕಳಿಗೆ ಬಹಳ ಹಿಡಿಸಿದ್ದು ಕಂಬಳಿ. ದಖ್ಖನಿ ಕುರಿಯ ಉಣ್ಣೆ ಒರಟು, ಬಣ್ಣ ಹೆಚ್ಚಾಗಿ ಕಪ್ಪು. ಕುರಿಯ ಉಣ್ಣೆ ಕತ್ತರಿಸಿ, ನೂಲು ತೆಗೆದು, ಹಾಸುನೂಲಿಗೆ ಹುಣಸೆ ಬೀಜದ ಗಂಜಿ ಹಚ್ಚಿ ಬಿಗಿ ಮಾಡಿ, ಕೈಮಗ್ಗದಲ್ಲಿ ನೇಯುತ್ತಾರೆ. ಹೊಸ ಕಂಬಳಿ ಹಲಗೆಯ ಹಾಗೆ ಸೆಟೆದು ನಿಲ್ಲುವುದು ಆ ಗಂಜಿಯಿಂದಲೇ. ಹಗಲು ಬಿಸಿಲಿಗೆ ತಲೆಯ ಮೇಲೆ, ಮಳೆಗೆ ಕೊಪ್ಪೆಯಾಗಿ, ರಾತ್ರಿ ಹಾಸಿಗೆಯಾಗಿ, ಎಳೆಮರಿಗೆ ತೊಟ್ಟಿಲಾಗಿ ಒಂದೇ ಬಟ್ಟೆ ಬರುತ್ತದೆ. ಕ್ರಿಸ್ಮಸ್ ಗೋದಲಿಯಲ್ಲಿ ನಾವು ಇಡುವ ಕುರುಬರ ಬೊಂಬೆಗಳ ಹೆಗಲ ಮೇಲಿನ ಬಟ್ಟೆ ಯಾವುದಕ್ಕೆಂದು ನಮ್ಮ ಮಕ್ಕಳು ಆ ರಾತ್ರಿ ಯಾರೂ ಹೇಳಿಕೊಡದೆ ಕಲಿತರು.

ಅಮಾವಾಸ್ಯೆಯ ರಾತ್ರಿ

ಅಮಾವಾಸ್ಯೆಯಾದ್ದರಿಂದ ಚಂದ್ರನಿಲ್ಲ. ಅಂಗಡಿ ಸಾಲಿನ ದೀಪಗಳಿಂದ ಸ್ವಲ್ಪ ದೂರ ಬಂದರೆ ಆಕಾಶದ ತುಂಬ ನಕ್ಷತ್ರ, ನೆಲದ ತುಂಬ ಒಲೆಗಳು. ಒಂದು ಕಡೆ ಡೊಳ್ಳು ಬಡಿದರೆ ಇನ್ನೊಂದು ಕಡೆಯ ಮೇಳ ಅದಕ್ಕೆ ಉತ್ತರ ಕೊಡುತ್ತದೆ. ಒಂದು ಗುಂಪು ಕನ್ನಡದಲ್ಲಿ ಡೊಳ್ಳಿನ ಪದ ಹಾಡುತ್ತಿದ್ದರೆ, ಅದರ ಬೆನ್ನಿಗೆ ಮರಾಠಿ ಧನಗರಿ ಓವಿ. ಸೋಲಾಪುರ, ಸಾಂಗಲಿ ಕಡೆಯ ಧನಗರರ ಗಜೆ ಕುಣಿತದಲ್ಲಿ ಬಿಳಿಯ ನಿಲುವಂಗಿಯ ಗಂಡಸರು ಕೈಯಲ್ಲಿ ಬಣ್ಣದ ವಸ್ತ್ರ ಹಿಡಿದು ಡೊಳ್ಳಿನ ಸುತ್ತ ಹೆಜ್ಜೆ ಹಾಕುತ್ತಾರೆ. ನಿದ್ದೆ? ಅದನ್ನು ಮನೆಯಲ್ಲಿಯೇ ಬಿಟ್ಟು ಬರಬೇಕು!

ನಡುರಾತ್ರಿ ಹತ್ತಿರವಾದಂತೆ ಬಯಲೆಲ್ಲ ಎದ್ದು ಗುಡಿಯ ಕಡೆ ಮುಖ ಮಾಡಿತು. ನೂಕುನುಗ್ಗಲಿಗೆ ಮಕ್ಕಳನ್ನು ಕರೆದೊಯ್ಯದೆ ನಾವು ದೂರದಲ್ಲೇ ನಿಂತೆವು. ಶಿಖರ ಕಾಣಲಿಲ್ಲ. ಕಂಡದ್ದು ಅದರತ್ತ ತಿರುಗಿದ್ದ ಸಾವಿರಾರು ಮುಖಗಳು. ಪಕ್ಕದ ಅಜ್ಜಿಯ ಕೈಗಳು ಜೋಡಿಸಿದ್ದವು. ಮುಂದಿನ ವರ್ಷ ಮಳೆ ಬರುವುದೋ ಇಲ್ಲವೋ ಎಂಬುದು ಅವರಿಗೆ ಕುತೂಹಲದ ಪ್ರಶ್ನೆಯಲ್ಲ. ಈ ಬರಸೀಮೆಯಲ್ಲಿ ಮಳೆ ತಪ್ಪಿದರೆ ಹಿಂಡನ್ನು ಇನ್ನೂ ದೂರ ಹೊಡೆಯಬೇಕು, ಇಲ್ಲವೇ ಸಿಕ್ಕ ಬೆಲೆಗೆ ಮಾರಬೇಕು. ಆಕಾಶ ನೋಡಿ ಬದುಕುವವರ ಪ್ರಾರ್ಥನೆಯ ಹತ್ತಿರ ನಿಂತಾಗ ನಮ್ಮ ಮಾತೂ ತಾನಾಗಿ ನಿಂತಿತು.

ಬೆಳಗಿನ ಜಾವ ಚಳಿ ಇಳಿಯಿತು. ನಮ್ಮ ಜೊತೆಗಿದ್ದ ಚಿಕ್ಕ ಮಗು ನಡುಗುತ್ತಿರುವುದನ್ನು ಕಂಡು ಪಕ್ಕದ ಬಿಡಾರದಿಂದ ಒಂದು ಕಂಬಳಿ ನಮ್ಮ ಡೇರೆಗೆ ಬಂತು. ಅವರಲ್ಲಿ ಹೆಚ್ಚಿನದು ಇರಲಿಲ್ಲ. ಕೊಟ್ಟವರು ಒಲೆಯ ಬಳಿ ಕುಳಿತು ಬೆಳಗು ಮಾಡಿದರು ಎಂಬುದು ನಮಗೆ ಗೊತ್ತಾದದ್ದು ಬೆಳಕು ಹರಿದ ಮೇಲೆ.

ಭೇಟಿಯೇ ಹಬ್ಬ

ಮರುದಿನ ಪಾಡ್ಯ. ಬೇರೆ ಬೇರೆ ಊರಿನ ದೇವರ ಪಲ್ಲಕ್ಕಿಗಳು ಗುಡಿಯ ಹತ್ತಿರದ ಹಳ್ಳದಲ್ಲಿ ಕೂಡುತ್ತವೆ. ಎಲ್ಲರೂ ಕಾಯುವುದು ಗುರು ಬೀರಪ್ಪನ ಪಲ್ಲಕ್ಕಿಯೂ ಶಿಷ್ಯ ಮಾಳಿಂಗರಾಯನ ಪಲ್ಲಕ್ಕಿಯೂ ಎದುರುಬದುರಾಗುವ ಗಳಿಗೆಗೆ. ಆಗ ಭಂಡಾರ ಹಾರುತ್ತದೆ. ಭಂಡಾರ ಎಂದರೆ ಅರಿಶಿನ ಪುಡಿ. ಜೊತೆಗೆ ಉಣ್ಣೆ, ಕೊಬ್ಬರಿ, ಉತ್ತತ್ತಿ. ಹಳ್ಳ, ದಂಡೆ, ಮರ, ಮನುಷ್ಯರು ಎಲ್ಲ ಹಳದಿ! ಕಣ್ಣಿಗೆ ಪುಡಿ ಬೀಳದಂತೆ ಮಕ್ಕಳ ಮುಖಕ್ಕೆ ತೆಳ್ಳನೆಯ ಬಟ್ಟೆ ಹೊದಿಸುವುದು ಒಳ್ಳೆಯದು.

ಇಷ್ಟು ದೊಡ್ಡ ಜಾತ್ರೆಯ ತುತ್ತತುದಿಯಲ್ಲಿ ಇರುವುದು ಒಂದು ಭೇಟಿ. ಯುದ್ಧವಿಲ್ಲ, ಗೆಲುವಿಲ್ಲ, ಇಬ್ಬರು ಕೂಡುತ್ತಾರೆ ಅಷ್ಟೇ. ಏಕೆಂದು ಬಿಡಾರದಲ್ಲಿ ರಾತ್ರಿ ಕಳೆದ ಮೇಲೆ ಅರ್ಥವಾಯಿತು. ಮಹಾರಾಷ್ಟ್ರದ ಅನೇಕ ಧನಗರ ಕುಟುಂಬಗಳು ದೀಪಾವಳಿಯ ನಂತರ ಹಿಂಡು ಹೊಡೆದುಕೊಂಡು ದೂರದ ಮೇವಿಗೆ ಹೊರಡುತ್ತವೆ. ರೈತರ ಹೊಲದಲ್ಲಿ ಕುರಿ ತರುಬಿ, ಗೊಬ್ಬರಕ್ಕೆ ಬದಲಾಗಿ ಕಾಳು ಅಥವಾ ಹಣ ಪಡೆದು, ಮಳೆಗಾಲದ ಹೊತ್ತಿಗೆ ಮರಳುತ್ತವೆ. ಅಣ್ಣ ಒಂದು ದಿಕ್ಕಿಗೆ, ತಂಗಿ ಗಂಡನ ಹಿಂಡಿನೊಂದಿಗೆ ಇನ್ನೊಂದು ದಿಕ್ಕಿಗೆ. ಹಾಗೆ ಚದುರಿ ಬಾಳುವವರಿಗೆ ಒಬ್ಬರನ್ನೊಬ್ಬರು ನೋಡುವುದೇ ಹಬ್ಬ. ನಮ್ಮ ಪಕ್ಕದ ಒಲೆಯ ಸುತ್ತ ರಾತ್ರಿಯಿಡೀ ನಡೆದದ್ದು ಅದೇ: ಯಾರ ಮಗಳಿಗೆ ಗಂಡು ನೋಡಬೇಕು, ಯಾರ ಮುದುಕ ತೀರಿಕೊಂಡ, ಎಲ್ಲಿ ಮೇವಿದೆ, ಎಲ್ಲಿ ಕುರಿಗೆ ರೋಗವಿದೆ.

ಜರ್ಮನಿಯ ವಿದ್ವಾಂಸ ಗುಂಥರ್ ಸೊಂಟೈಮರ್ (1934-1992) ಮರಾಠಿ ಕಲಿತು, ಧನಗರರ ನಡುವೆ ಓಡಾಡಿ, ಬಿರೋಬಾ, ಮ್ಹಸ್ಕೋಬಾ, ಖಂಡೋಬಾ ದೇವರುಗಳ ಕುರಿತು 1976ರಲ್ಲಿ ಗ್ರಂಥ ಬರೆದರು. ಓದು ಬರಹ ಬಾರದವರೆಂದು ಪೇಟೆಯವರು ತಿಳಿದಿದ್ದ ಜನರ ಬಾಯಲ್ಲಿ ಎಷ್ಟು ದೊಡ್ಡ ಪರಂಪರೆ ಇದೆ ಎಂದು ಹೊರಗಿನವರೊಬ್ಬರು ಬಂದು ಕಂಡುಕೊಂಡರು.

ಆಚೆಯ ಜಾತ್ರೆಗಳು

ಬಯಲಲ್ಲಿ ತಂಗುವ ಜಾತ್ರೆಗಳು ಅಮೆರಿಕದಲ್ಲೂ ಇವೆ. 1963ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಫಿಲಿಸ್ ಪ್ಯಾಟರ್ಸನ್ ಎಂಬ ಶಿಕ್ಷಕಿ ತಮ್ಮ ಪತಿಯೊಂದಿಗೆ, ಒಂದು ರೇಡಿಯೋ ಕೇಂದ್ರಕ್ಕೆ ಹಣ ಕೂಡಿಸಲು, ಯೂರೋಪಿನ ಹಳೆಯ ಕಾಲದ ಸಂತೆಯನ್ನು ಮರುಸೃಷ್ಟಿಸಿದರು. ಅದೇ ರೆನೆಸಾನ್ಸ್ ಜಾತ್ರೆ. ಟೆಕ್ಸಾಸ್‌ನ ಹೂಸ್ಟನ್ ನಗರದ ವಾಯುವ್ಯಕ್ಕೆ 1974ರಲ್ಲಿ ಆರಂಭವಾದ ಜಾತ್ರೆಯೂ ಸರಿಯಾಗಿ ನಮ್ಮ ದೀಪಾವಳಿಯ ಸುಮಾರಿಗೇ, ಅಕ್ಟೋಬರ್-ನವೆಂಬರ್ ವಾರಾಂತ್ಯಗಳಲ್ಲಿ ನಡೆಯುತ್ತದೆ. ಜನ ರಾಜ, ಕಮ್ಮಾರ, ಕುರುಬರ ವೇಷ ತೊಟ್ಟು, ಪಕ್ಕದ ಬಯಲಲ್ಲಿ ಡೇರೆ ಹಾಕಿ ಮಲಗುತ್ತಾರೆ. ಕಳೆದುಹೋದ ಕಾಲವನ್ನು ಎರಡು ದಿನವಾದರೂ ಬಾಳಿ ನೋಡುವ ಆಸೆ ಅದು. ಅದರಲ್ಲಿ ತಪ್ಪೇನಿಲ್ಲ. ಹುಲಜಂತಿಯಲ್ಲಿ ವೇಷ ತೊಟ್ಟವರು ಯಾರೂ ಇಲ್ಲ. ಹೆಗಲ ಕಂಬಳಿ ನಾಳೆಯೂ ಹೆಗಲ ಮೇಲೆ ಇರುತ್ತದೆ.

ಆದರೆ ಎಷ್ಟು ದಿನ? ಕುರಿ ಮೇಯುತ್ತಿದ್ದ ಗಾಯರಾಣ ಕಡಿಮೆಯಾಗುತ್ತಿದೆ. ನೀರಾವರಿ ಬಂದಲ್ಲಿ ಕಬ್ಬು ಬಂದು, ಹೊಲ ವರ್ಷವಿಡೀ ಖಾಲಿ ಸಿಗುವುದಿಲ್ಲ. ಒರಟು ಉಣ್ಣೆಗೆ ಬೆಲೆಯಿಲ್ಲ, ಗಿರಣಿಯ ಹೊದಿಕೆ ಅಗ್ಗ. ಪಕ್ಕದ ಬಿಡಾರದ ಹುಡುಗ ಶಾಲೆಗೆ ಹೋಗುತ್ತಾನೆ, ಹೋಗಲೇಬೇಕು. ಅವನು ಹಿಂಡಿನ ಹಿಂದೆ ಹೋಗುವುದಿಲ್ಲವೆಂದು ಅವನ ತಂದೆ ಸಮಾಧಾನದಿಂದಲೇ ಹೇಳಿದರು. ಅಜ್ಜಿ ಮಾತ್ರ ಏನೂ ಹೇಳದೆ ಒಲೆಗೆ ಕಟ್ಟಿಗೆ ಸರಿಸಿದರು.

ಹೋಗುವವರಿಗೆ ನಾಲ್ಕು ಮಾತು

ಪ್ರಿಯ ಓದುಗರೇ, ಮಕ್ಕಳೊಂದಿಗೆ ಮೊದಲ ಸಲ ಹೋಗುವುದಾದರೆ ಕುಡಿಯುವ ನೀರನ್ನು ಮನೆಯಿಂದಲೇ ಸಾಕಷ್ಟು ಒಯ್ಯಿರಿ. ಟಾರ್ಚು ಒಬ್ಬೊಬ್ಬರಿಗೆ ಒಂದಿರಲಿ. ಮಗುವಿನ ಕಿಸೆಯಲ್ಲಿ ನಿಮ್ಮ ಫೋನ್ ನಂಬರಿನ ಚೀಟಿ ಇಡಿ, ಕನ್ನಡ ಮತ್ತು ಮರಾಠಿ ಎರಡರಲ್ಲೂ ಬರೆಯಿರಿ. ತಪ್ಪಿಸಿಕೊಂಡರೆ ಎಲ್ಲಿ ಬಂದು ನಿಲ್ಲಬೇಕೆಂದು ಹಗಲಿನಲ್ಲೇ ಜಾಗ ತೋರಿಸಿ. ಜಾತ್ರೆಯ ಹಳದಿಯಲ್ಲಿ ಹಾಳಾದರೂ ಬೇಸರವಾಗದ ಬಟ್ಟೆ ತೊಡಿ. ಜೋಳದ ರೊಟ್ಟಿ, ಶೇಂಗಾ ಹಿಂಡಿ ಎರಡು ದಿನ ಕೆಡುವುದಿಲ್ಲ, ನಾಲ್ಕು ರೊಟ್ಟಿ ಹೆಚ್ಚಿಗೆ ಕಟ್ಟಿಕೊಳ್ಳಿ, ಕೊಡಲು ಬೇಕಾಗುತ್ತದೆ. ಹೊರಡುವಾಗ ನಿಮ್ಮ ಕಸವನ್ನು ನೀವೇ ಗಂಟು ಕಟ್ಟಿ ಒಯ್ಯಿರಿ. ಆ ಬಯಲಿನಲ್ಲಿ ನಾಳೆ ಕುರಿ ಮೇಯುತ್ತವೆ, ಪ್ಲಾಸ್ಟಿಕ್ ಚೀಲ ನುಂಗಿದ ಕುರಿ ಉಳಿಯುವುದು ಕಷ್ಟ.

ಸಾಧ್ಯವಾದರೆ ಒಂದು ಕಂಬಳಿ ಕೊಳ್ಳಿ. ಚೌಕಾಸಿ ಮಾಡುವ ಮುನ್ನ ಅದರ ಹಿಂದೆ ಎಷ್ಟು ಕೈಗಳು ದುಡಿದಿವೆ ಎಂದು ಮಕ್ಕಳಿಗೆ ಎಣಿಸಲು ಹೇಳಿ: ಕುರಿ ಕಾದವರು, ಉಣ್ಣೆ ಕತ್ತರಿಸಿದವರು, ನೂಲು ತೆಗೆದವರು, ಗಂಜಿ ಹಚ್ಚಿದವರು, ನೇಯ್ದವರು. ಎಣಿಸಿ ಮುಗಿಯುವ ಹೊತ್ತಿಗೆ ಕೇಳಿದ ಬೆಲೆ ಹೆಚ್ಚೆನಿಸುವುದಿಲ್ಲ.