ಬಿಟ್ಟ ಸ್ಥಳ

‘ಬಿಟ್ಟ ಸ್ಥಳಗಳನ್ನು ತುಂಬಿರಿ’ ಎಂಬ ಪ್ರಶ್ನೆಯನ್ನು ಕಾಣದೆ ಶಾಲೆಯನ್ನು ದಾಟಿ ಬಂದವರು ನಮ್ಮಲ್ಲಿ ಯಾರೂ ಇರಲಾರರು. ತುಂಬುವವರ ಕಷ್ಟವನ್ನು ನಾವೆಲ್ಲ ಬಲ್ಲೆವು. ಆದರೆ ಸ್ಥಳವನ್ನು ಬಿಟ್ಟವರಿಗೂ ಒಂದು ಕಷ್ಟವಿದೆಯೆಂದು ಎಷ್ಟು ಮಂದಿ ಯೋಚಿಸಿದ್ದೇವೆ? ಆ ಕಷ್ಟದ ಬಗೆಗೆ ನಾಲ್ಕು ಮಾತು ಬರೆಯಲು ಹೊರಟಿದ್ದೇನೆ. ವಿಷಯ ಗಣಕಯಂತ್ರಕ್ಕೆ ಸೇರಿದ್ದು. ಬರೆಯುತ್ತಿರುವವಳು ಇತಿಹಾಸ, ಅರ್ಥಶಾಸ್ತ್ರ, ಐಚ್ಛಿಕ ಕನ್ನಡ ಓದುವ ಬಿ.ಎ. ವಿದ್ಯಾರ್ಥಿನಿ. ‘ಕತ್ತೆಗೇನು ಗೊತ್ತು ಕಸ್ತೂರಿಯ ಪರಿಮಳ’ ಎಂದು ನಗುವ ಮೊದಲು ವಾಚಕರು ಕಡೆಯವರೆಗೆ ಓದುವ ಕೃಪೆ ಮಾಡಬೇಕು.

ನಾನು ಈ ಕಾಲೇಜಿಗೆ ಸೇರಿದಾಗ ಗ್ರಂಥಾಲಯದ ಪುಸ್ತಕಸೂಚಿ ಗಣಕದ ಪರದೆಯ ಮೇಲಿತ್ತು. ಪರದೆಯೆಲ್ಲ ಇಂಗ್ಲಿಷು. ಪಿ.ಯು.ಸಿ.ಯವರೆಗೂ ಕನ್ನಡ ಮಾಧ್ಯಮದಲ್ಲಿ ಓದಿದ ನನಗೆ ಅದರ ಮುಂದೆ ಕುಳಿತರೆ ಕೈ ಬೆವರುತ್ತಿತ್ತು. ಹಿಂದೆ ನಿಂತವರಿಗೆ ತಿಳಿಯದಿರಲೆಂದು ಏನೋ ಹುಡುಕುವವಳಂತೆ ನಟಿಸಿ, ‘ಪುಸ್ತಕ ಇಲ್ಲ’ ಎಂದು ಹೇಳಿ ಎದ್ದು ಬರುತ್ತಿದ್ದೆ. ಒಂದು ದಿನ ಗ್ರಂಥಪಾಲಕರು ಇದನ್ನು ಕಂಡು, ಏನೂ ಹೇಳದೆ, ಪರದೆಯ ಅಂಚಿನಲ್ಲಿದ್ದ ‘ಕನ್ನಡ’ ಎಂಬ ಪದವನ್ನು ಒತ್ತಿದರು. ಪುಟವು ಅರ್ಧ ಕನ್ನಡವಾಯಿತು.

“ಉಳಿದರ್ಧ ಏಕೆ ಸಾರ್ ಹೀಗೆಯೇ ಇದೆ?” ಎಂದೆ.

“ಯಾರಾದರೂ ಅನುವಾದ ಮಾಡಬೇಕಮ್ಮ. ನೀನೂ ಮಾಡಬಹುದು” ಎಂದರು.

ಹಾಸ್ಯವೆಂದುಕೊಂಡೆ. ಆದರೆ ಅವರು ನಿಜವನ್ನೇ ಹೇಳಿದ್ದರು. ಆ ತಂತ್ರಾಂಶದ ಹೆಸರು ‘ಕೋಹಾ’. ನ್ಯೂಜಿಲೆಂಡಿನ ಮಾಓರಿ ಜನರ ಭಾಷೆಯಲ್ಲಿ ಇದಕ್ಕೆ ಕಾಣಿಕೆ ಎಂದರ್ಥ. ನಮ್ಮ ಮದುವೆಮನೆಯ ಮುಯ್ಯಿಯಂತೆ, ಪಡೆದವರು ಎಂದಾದರೊಮ್ಮೆ ಹಿಂದಿರುಗಿಸಬೇಕಾದ ಕಾಣಿಕೆ. ಆ ದೇಶದ ಹೊರೊಫೆನುವ ಪ್ರಾಂತದ ಗ್ರಂಥಾಲಯದಲ್ಲಿದ್ದ ಹಳೆಯ ತಂತ್ರಾಂಶವು 2000ನೆಯ ಇಸವಿಯನ್ನು ದಾಟಲಾರದೆಂಬ ಭಯ ಹುಟ್ಟಿದಾಗ, 1999ರಲ್ಲಿ ಕಟಿಪೊ ಎಂಬ ಸಂಸ್ಥೆಯಿಂದ ಇದನ್ನು ಬರೆಸಿದರು. 2000ದ ಜನವರಿಯಲ್ಲಿ ಅದು ಕೆಲಸಕ್ಕೆ ನಿಂತಿತು. ಬೀಗ ಹಾಕಿ ಇಟ್ಟುಕೊಳ್ಳದೆ, ಯಾರು ಬೇಕಾದರೂ ಓದಿ, ತಿದ್ದಿ, ಹಂಚಬಹುದೆಂದು ಅದನ್ನು ಲೋಕಕ್ಕೆ ಕೊಟ್ಟರು. ಆ ಕಾಣಿಕೆ ಸಮುದ್ರ ದಾಟಿ ನಮ್ಮ ಕಾಲೇಜಿನ ಮೇಜಿಗೂ ಬಂದಿತ್ತು. ಮುಯ್ಯಿ ತೀರಿಸುವ ಸರದಿ ನನ್ನದಾಯಿತು.

ಅನುವಾದಕ್ಕೆ ಕುಳಿತಾಗ ಮೊದಲು ಎದುರಾದ ಪದ ‘ಟೆಂಪ್ಲೇಟ್’. ಗ್ರಂಥಪಾಲಕರು ವಿವರಿಸಿದರು: ಪುಸ್ತಕದ ಹೆಸರು, ಪಡೆದವರ ಹೆಸರು, ಹಿಂದಿರುಗಿಸುವ ತಾರೀಖು, ಇವೆಲ್ಲ ಯಂತ್ರದ ಕಡತದಿಂದ ಬರುತ್ತವೆ. ತಲೆಬರಹ, ವಾಕ್ಯ, ಗೆರೆ, ಬಣ್ಣಗಳು ಮೊದಲೇ ಕಟ್ಟಿಟ್ಟ ಪುಟದಲ್ಲಿರುತ್ತವೆ. ಆ ಪುಟದಲ್ಲಿ ಅಲ್ಲಲ್ಲಿ ಸ್ಥಳ ಬಿಟ್ಟಿರುತ್ತದೆ. ಇದನ್ನು ಕೇಳಿ ನನಗೆ ನಗು ಬಂತು. ಇದು ನಮ್ಮ ಮನೆಯ ಕಸುಬಲ್ಲವೆ!

ನನ್ನ ತಂದೆ ನಾಲ್ಕನೆಯ ತರಗತಿಗೆ ಓದು ಬಿಟ್ಟು ಅಚ್ಚುಕೂಟವನ್ನು ಸೇರಿದವರು. ಮೊಳೆ ಜೋಡಿಸುವುದು ಅವರ ಕೆಲಸ. ವೈಶಾಖ ಬಂತೆಂದರೆ ಲಗ್ನಪತ್ರಿಕೆಗಳ ಸುಗ್ಗಿ. ಪ್ರತಿಯೊಂದನ್ನೂ ಮೊದಲಿನಿಂದ ಜೋಡಿಸುತ್ತ ಕುಳಿತರೆ ಆದೀತೆ? ಒಂದು ಪುಟವನ್ನು ಕಟ್ಟಿಯೇ ಇಟ್ಟು, ಕುಲದೇವರು, ವಧೂವರರು, ಮುಹೂರ್ತ, ಛತ್ರ, ಇಷ್ಟನ್ನು ಮಾತ್ರ ಕಿತ್ತು ಹೊಸದಾಗಿ ಕೂಡಿಸುತ್ತಿದ್ದರು. ಒಮ್ಮೆ ಅವಸರದಲ್ಲಿ ಹಿಂದಿನ ಮದುವೆಯ ಛತ್ರವೇ ಉಳಿದುಬಿಟ್ಟು, ಮುನ್ನೂರು ಪತ್ರಿಕೆಗಳ ಕಾಗದದ ಬೆಲೆ ಅವರ ಸಂಬಳದಲ್ಲಿ ಮುರಿದುಹೋಯಿತಂತೆ. ಮುಂದೆ ಮೊಳೆಗಳ ಕಾಲವೇ ಮುಗಿಯಿತು. ಈಗ ಅವರು ಇನ್ನೊಂದು ಅಚ್ಚುಮನೆಯಲ್ಲಿ ಕಾಗದ ಕತ್ತರಿಸುತ್ತಾರೆ.

ಪುಟ ಕಟ್ಟಲು ಯಾವ ಸಲಕರಣೆಯನ್ನು ಆರಿಸಬೇಕೆಂಬುದು ಅಚ್ಚುಕೂಟದಂತೆ ಇಲ್ಲಿಯೂ ದೊಡ್ಡ ಪ್ರಶ್ನೆ. ಕೋಹಾ ಬರೆದಿರುವುದು ಪರ್ಲ್ ಎಂಬ ಗಣಕಭಾಷೆಯಲ್ಲಿ. ಪರ್ಲಿನಲ್ಲಿ ಇಂಥ ಸಲಕರಣೆಗಳು ಹಲವಿವೆ. ಕೋಹಾ ಮೊದಲು ನೆಚ್ಚಿದ್ದುದು ‘ಎಚ್‌ಟಿಎಂಎಲ್ ಟೆಂಪ್ಲೇಟ್’ ಎಂಬುದನ್ನು, ಆಮೇಲೆ ಅದರ ಚುರುಕಾದ ರೂಪವನ್ನು. ಅದು ಮಿತಭಾಷಿ. ಇಲ್ಲಿ ಹೆಸರು ಕೂಡಿಸು. ಇದ್ದರೆ ತೋರಿಸು, ಇಲ್ಲದಿದ್ದರೆ ಬಿಡು. ಇರುವಷ್ಟು ಸಲ ಮರಳಿ ಬರೆ. ಇನ್ನೊಂದು ಪುಟವನ್ನು ಒಳಗೆ ಸೇರಿಸು. ಹೆಚ್ಚುಕಡಮೆ ಇಷ್ಟೇ ಅದರ ವ್ಯಾಕರಣ. ಒಂದು ಮಧ್ಯಾಹ್ನದಲ್ಲಿ ಕಲಿಯಬಹುದು. ಆದರೆ ಮಿತಭಾಷಿಯ ಜೊತೆ ಸಂಸಾರ ಮಾಡುವವರಿಗೆ ಬೇರೆ ತೊಂದರೆ. ತಾರೀಖನ್ನು ನಮ್ಮ ಪದ್ಧತಿಯಂತೆ ದಿನ, ತಿಂಗಳು, ವರ್ಷ ಎಂದು ಬರೆಯಬೇಕಾದರೂ ಒಳಗಿನ ಕ್ರಮವಿಧಿಯೇ ಅದನ್ನು ಸಿದ್ಧಪಡಿಸಿ ಕೊಡಬೇಕು. ತಾರೀಖು ಬರುವ ಕಡೆಯಲ್ಲೆಲ್ಲ ಅದೇ ದುಡಿಮೆ.

ಇನ್ನೊಂದು ಸಲಕರಣೆ ಆಂಡಿ ವಾರ್ಡ್ಲಿ ಎಂಬವರು ರಚಿಸಿದ ‘ಟೆಂಪ್ಲೇಟ್ ಟೂಲ್‌ಕಿಟ್’. ಚೌಕ ಕಂಸದೊಳಗೆ ಶೇಕಡಾ ಚಿಹ್ನೆಯಿಟ್ಟು ಬರೆಯುವ ಅದರ ಸೂಚನೆಗಳಿಗೆ ಶಕ್ತಿ ಹೆಚ್ಚು. ಬಿಟ್ಟ ಸ್ಥಳಕ್ಕೆ ಬರುವುದನ್ನು ಸೋಸಬಹುದು. ತಾರೀಖನ್ನು ಅಣಿಗೊಳಿಸುವ ಸಹಾಯಕನನ್ನು ಒಮ್ಮೆ ಬರೆದಿಟ್ಟರೆ ಎಲ್ಲ ಪುಟಗಳೂ ಅವನನ್ನು ಕರೆದುಕೊಳ್ಳಬಹುದು. 2011ರ ಏಪ್ರಿಲಿನಲ್ಲಿ ಹೊರಬಂದ 3.4ನೆಯ ಆವೃತ್ತಿಯಲ್ಲಿ ಕೋಹಾ ಹಳೆಯದನ್ನು ಬಿಟ್ಟು ಇದನ್ನು ಹಿಡಿಯಿತು.

ಇದನ್ನು ಓದಿದಷ್ಟು ಸುಲಭವಾಗಿ ಮಾಡಲಾಗದು. ನೂರಾರು ಪುಟಗಳನ್ನು ಮರಳಿ ಕಟ್ಟಬೇಕು. ಪುಟಗಳಿಂದ ವಾಕ್ಯಗಳನ್ನು ಹೆಕ್ಕಿ ಅನುವಾದಕರಿಗೆ ಕೊಡುವ ಉಪಕರಣವೂ ಹೊಸ ಗುರುತುಗಳನ್ನು ಕಲಿಯಬೇಕು. ಅದಲ್ಲದೆ ಶಕ್ತಿ ಹೆಚ್ಚಿದ ಸಲಕರಣೆಗೆ ತನ್ನದೇ ಆದ ಅಪಾಯವುಂಟು: ಇರುವ ಲೆಕ್ಕಾಚಾರವನ್ನೆಲ್ಲ ಪುಟದೊಳಗೇ ತುರುಕುವ ಆಸೆ ಹುಟ್ಟುತ್ತದೆ. ಆಗ ಅದನ್ನು ಓದಲು ಕ್ರಮವಿಧಿ ಬಲ್ಲವರೇ ಬೇಕಾಗಿ, ಬರಿಯ ಮಾತು ಬಲ್ಲ ನನ್ನಂಥವರು ಬಾಗಿಲಲ್ಲೇ ನಿಲ್ಲಬೇಕಾಗುತ್ತದೆ. ಹಲವು ದೇಶಗಳ ಜನ ಒಂದೊಂದು ಕೈ ಹಾಕಿ ನಡೆಸುವ ಕೆಲಸದಲ್ಲಿ ‘ಯಾವುದು ವೇಗ?’ ಎಂದಷ್ಟೇ ಕೇಳಿದರೆ ಸಾಲದು. ನಾಳೆ ಬರುವ ಅಪರಿಚಿತರ ಕೈಗೆ ಯಾವುದು ಒಗ್ಗೀತು ಎಂದೂ ಕೇಳಬೇಕು. ಆ ಅಪರಿಚಿತರಲ್ಲಿ ನಾನೂ ಒಬ್ಬಳಾಗಿದ್ದುದರಿಂದ ಈ ಮಾತನ್ನು ಒತ್ತಿ ಹೇಳುತ್ತಿದ್ದೇನೆ.

ನನಗೆ ನಿಜವಾಗಿ ತೊಡಕಾದದ್ದು ಒಂದು ಸಣ್ಣ ವಾಕ್ಯ. ಪುಸ್ತಕವನ್ನು ಇಂಥವರಿಗೆ ಕೊಡಲಾಗಿದೆ ಎಂಬ ವಾಕ್ಯ. ಬಿಟ್ಟ ಸ್ಥಳದ ಪಕ್ಕದಲ್ಲಿ ‘ಗೆ’ ಎಂದು ಬರೆದೆ. ಗ್ರಂಥಪಾಲಕರ ಗಣಕದಲ್ಲಿ ಪರೀಕ್ಷಿಸಿ ನೋಡಿದರೆ ‘ಮಂಜುನಾಥಗೆ ಕೊಡಲಾಗಿದೆ’ ಎಂದು ಬಂತು! ಮಂಜುನಾಥನಿಗೆ, ಗೌರಮ್ಮನಿಗೆ, ಸೀತೆಗೆ, ಗುರುವಿಗೆ: ಕನ್ನಡದಲ್ಲಿ ಹೆಸರಿನ ಕೊನೆ ನೋಡಿ ವಿಭಕ್ತಿ ರೂಪ ಬದಲಾಗುತ್ತದೆ. ಇಂಗ್ಲಿಷಿಗೆ ಈ ಚಿಂತೆಯಿಲ್ಲ. ಕೇಶಿರಾಜನ ವ್ಯಾಕರಣವನ್ನು ಪರೀಕ್ಷೆಗೆ ಓದಿದ್ದ ನಾನು ಎರಡು ದಿನ ತಲೆ ಕೆರೆದುಕೊಂಡೆ. ಮೂರನೆಯ ರಾತ್ರಿ ಊಟಕ್ಕೆ ಕುಳಿತಾಗ ಅಪ್ಪನ ಮುಂದೆ ಹೇಳಿದೆ.

“ಲಗ್ನಪತ್ರಿಕೇಲಿ ಹೆಸರಿನ ಮುಂದೆ ಏನು ಹಾಕ್ತೀವಿ ನೋಡಿದ್ದೀಯ?” ಎಂದರು ಅಪ್ಪ. “‘ಇವರ ವಿವಾಹವು’ ಅಂತ. ಯಾರ ಹೆಸರಾದರೂ ಬರಲಿ, ‘ಇವರ’ ಅನ್ನೋದು ಅಲುಗೋದಿಲ್ಲ ಕಣಮ್ಮ. ನಿನ್ನದಕ್ಕೆ ‘ಇವರಿಗೆ’ ಅಂತ ಹಾಕು.”

ಇಷ್ಟೇ! ಲೆಕ್ಕವಿಲ್ಲದಷ್ಟು ಲಗ್ನಪತ್ರಿಕೆಗಳಲ್ಲಿ ಕಂಡಿದ್ದ ಪದ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಆದರೆ ಅದನ್ನು ಹಾಕಲು ಹೆಸರಿನ ಮುಂದೆ ಜಾಗ ಬೇಕು. ಇಂಗ್ಲಿಷಿನ ವಾಕ್ಯದಲ್ಲಿ ಹೆಸರೇ ಕೊನೆ. ಕನ್ನಡದಲ್ಲಿ ಹೆಸರಿನ ಮುಂದೆಯೇ ಅರ್ಧ ಮಾತು. ಪುಟ ಕಟ್ಟಿದವರು ವಾಕ್ಯವನ್ನು ಬಿಟ್ಟ ಸ್ಥಳದ ಎಡಕ್ಕೇ ತುಂಡರಿಸಿ ಕೊಟ್ಟರೆ ಅನುವಾದಕ ಏನು ಮಾಡಬೇಕು? ಬಿಟ್ಟ ಸ್ಥಳಕ್ಕೊಂದು ಹೆಸರಿಟ್ಟು, ಇಡೀ ವಾಕ್ಯವನ್ನೇ ಅನುವಾದಕರ ಕೈಗೆ ಕೊಡುವ ಏರ್ಪಾಡು ಕೋಹಾದಲ್ಲಿ ಈಚೆಗೆ ಬಂದಿದೆ. ಹೊರಗಿನ ಸಹಾಯಕರಿಗೆ ಎಡೆಗೊಡುವ ಸಲಕರಣೆಯನ್ನು ಅಂದು ಆರಿಸಿದ್ದರಿಂದ ಇದು ಸುಲಭವಾಯಿತೆಂದು ನನಗೆ ತೋರುತ್ತದೆ. ಎಲ್ಲ ಪುಟಗಳೂ ಇನ್ನೂ ಹಾಗಾಗಿಲ್ಲ. ಆದರೂ ದಾರಿ ಇದೆ.

ಹೀಗೆ, ಸ್ಥಳ ಬಿಡುವುದೆಂದರೆ ಬರಿದೆ ಬರೆಯದಿರುವುದಲ್ಲ. ಬರುವವರು ಯಾರು, ಅವರ ಹೆಸರು ಎಷ್ಟುದ್ದ, ಅವರ ಮಾತಿನ ನಡೆ ಎಂಥದು ಎಂದು ಮೊದಲೇ ಯೋಚಿಸಿ ಅವರಿಗೆ ಎಡೆ ಮಾಡಿಕೊಡುವುದು. ನನ್ನ ತಂದೆ ಹರೆಯವನ್ನೆಲ್ಲ ಆ ಕೆಲಸಕ್ಕೆ ಸವೆಸಿದರೆಂದು ಕಾಲೇಜಿಗೆ ಬಂದ ಮೇಲೆ, ಅದೂ ಗಣಕದ ಮೂಲಕ, ನನಗೆ ತಿಳಿಯಬೇಕಾಯಿತು.

ಕಡೆಗೊಂದು ತಪ್ಪೊಪ್ಪಿಗೆ. ಮೊದಲ ವರ್ಷ ಪ್ರವೇಶದ ಅರ್ಜಿಯಲ್ಲಿ ‘ತಂದೆಯ ಉದ್ಯೋಗ’ ಎಂಬ ಬಿಟ್ಟ ಸ್ಥಳದಲ್ಲಿ ನಾಚಿಕೆಯಿಂದ ‘ವ್ಯಾಪಾರ’ ಎಂದು ಬರೆದಿದ್ದೆ. ಅಪ್ಪ ಅದಕ್ಕೆ ರುಜು ಹಾಕುವಾಗ ಓದಿದರು, ಏನೂ ಅನ್ನಲಿಲ್ಲ. ಈ ವರ್ಷ ಒಂದು ವಿದ್ಯಾರ್ಥಿವೇತನದ ಅರ್ಜಿಯಲ್ಲಿ ಅದೇ ಸ್ಥಳ ಮತ್ತೆ ಎದುರಾಯಿತು. ‘ಅಚ್ಚುಕೂಟದಲ್ಲಿ ಮೊಳೆ ಜೋಡಿಸುತ್ತಿದ್ದರು; ಈಗ ಕಾಗದ ಕತ್ತರಿಸುತ್ತಾರೆ’ ಎಂದು ಬರೆದೆ. ಸ್ಥಳ ಕಿರಿದಾಗಿದ್ದುದರಿಂದ ಕೊನೆಯ ಎರಡು ಪದಗಳು ಗೆರೆಯಿಂದಾಚೆಗೆ ಹೋದುವು.