ಅಪ್ಪನ ಮಚ್ಚು

ನಮ್ಮಪ್ಪ ಅರವತ್ತು ದಾಟಿದವನು. ರಾತ್ರಿ ಉಂಡು ನಮ್ಮ ಕಂಪ್ಯೂಟರ್ ಮುಂದೆ ಕೂತನೆಂದರೆ ಏಳಂಗಿಲ್ಲ. ಆಡೋದು ಒಂದೇ ಆಟ, 2013ರಲ್ಲಿ ಬಂದ 'ಫ್ರೀಡಂ ಕ್ರೈ'. ಇವತ್ತು ಹೈಟಿ ಅನ್ನುವ ನಾಡಿನಲ್ಲಿ 1730ರ ದಶಕದಲ್ಲಿ ನಡೆಯೋ ಕತೆ. ಫ್ರೆಂಚರ ಕಬ್ಬಿನ ತೋಟ, ಆಫ್ರಿಕಾದಿಂದ ಹಿಡಿದು ತಂದ ಗುಲಾಮರು. ನಾಯಕ ಅಡೆವಾಲೆ ಗುಲಾಮನಾಗೇ ಹುಟ್ಟಿದವನು, ಕೈಲಿ ಮಚ್ಚು.

ಅಪ್ಪನಿಗೆ ಇಂಗ್ಲಿಷ್ ಬಾರದು. ಮಚ್ಚು ಬರುತ್ತೆ. ಹನ್ನೆರಡು ವರ್ಷಕ್ಕೇ ಜೀತಕ್ಕೆ ಬಿದ್ದು ಒಡೆಯನ ಕಬ್ಬು ಕಡಿದವನು. 1976ರಲ್ಲಿ ಜೀತ ರದ್ದತಿ ಕಾಯ್ದೆಯಾಯಿತು. ಅದು ಅವನ ಕಿವಿಗೆ ಬೀಳೋ ಹೊತ್ತಿಗೆ ಮೀಸೆ ಬಂದಿತ್ತು.

ತೋಟಕ್ಕೆ ನುಗ್ಗುವಾಗ ಉಸಿರು ಬಿಗಿಹಿಡೀತಾನೆ. ಮೇಸ್ತ್ರಿಗಳ ಕಣ್ಣಿಗೆ ಬಿದ್ದರೆ ಅವರು ಗುಲಾಮರನ್ನೇ ಕೊಲ್ಲತೊಡಗುತ್ತಾರೆ. ಆಗ ಅಪ್ಪ ಎದ್ದು ಹಿತ್ತಲಿಗೆ ಹೋಗಿ ಬೀಡಿ ಹಚ್ಚುತ್ತಾನೆ.

ನಮಗೊಂದು ತಕರಾರಿತ್ತು. ಬಿಡಿಸಿದವರ ತಲೆ ಎಣಿಸಿ, ಲೆಕ್ಕ ತುಂಬಿದಂತೆಲ್ಲ ಒಳ್ಳೊಳ್ಳೆ ಹತಾರ ಕೊಡೋ ಆಟ ಇದು. "ಇಲ್ಲೂ ಮನುಷ್ಯರು ಕಾಸಿನ ಲೆಕ್ಕವೇ ಅಲ್ವೇನಪ್ಪ?" ಅಂದೆವು.

"ನಮ್ಮನ್ನ ಬುಡಿಸಕ್ಕೆ ಲೆಕ್ಕಕ್ಕಾದ್ರೂ ಯಾವನಾರ ಬಂದಿದ್ನೇನ್ರಲಾ?"

ಓದಿದ ನಾವು ಬಾಯಿ ಮುಚ್ಚಿದೆವು. ಆಮೇಲೆ ಹೇಳಿದೆವು: ಆ ನಾಡಿನ ಗುಲಾಮರು 1791ರಲ್ಲಿ ತಾವೇ ದಂಗೆಯೆದ್ದರು, 1804ರಲ್ಲಿ ಸ್ವತಂತ್ರರಾದರು.

"ಅದು ಈ ಆಟದಾಗೆ ಐತಾ?"

"ಇಲ್ಲಪ್ಪ."

ಅಪ್ಪ ಬೀಡಿ ಹುಡುಕಿದ.