ಜಿಸಿಡಿ ಅಂದರೆ ನಮ್ಮೂರಲ್ಲಿ ಮ.ಸಾ.ಅ.

ಫಸ್ಟ್ ಇಯರ್ ಸಿ ಲ್ಯಾಬ್ ಮುಗಿಸಿದ ಯಾರನ್ನೇ ಕೇಳಿ, ಜಿಸಿಡಿ ಪ್ರೋಗ್ರಾಮ್ ಬಾಯಿಪಾಠ ಇರುತ್ತದೆ. ಎರಡು ಸಂಖ್ಯೆಗಳನ್ನೂ ಶೇಷ ಉಳಿಯದಂತೆ ಭಾಗಿಸುವ ಅತಿ ದೊಡ್ಡ ಸಂಖ್ಯೆ ಯಾವುದು? ಹತ್ತು ಸಾಲು ಕೋಡ್, ವೈವಾದಲ್ಲಿ ಎರಡು ಪ್ರಶ್ನೆ, ಮುಗೀತು.

ನಾವು ಝಳಕಿ ಕಡೆಯವರು. ವಿಜಯಪುರದಿಂದ ಸೊಲ್ಲಾಪುರಕ್ಕೆ ಹೋಗೋ ಹೈವೇ ಮೇಲೆ ಸಿಗುವ ಊರು. ಆದರೆ ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ, ಹಾಗಾಗಿ ನಮಗಿದು ಬರೀ ಎಚ್‌ಸಿಎಫ್. ರಜೆಗೆ ಹೋದಾಗ ಹತ್ತನೇ ಕ್ಲಾಸಿನಲ್ಲಿರುವ ಕಾಕಾನ ಮಗಳು ಕೇಳಿದಳು: "ಅಣ್ಣಾ, ಮ.ಸಾ.ಅ. ಕಂಪ್ಯೂಟರ್‌ನ್ಯಾಗ ಹ್ಯಾಂಗ ತಗೀತೀರಿ?" ಮಹತ್ತಮ ಸಾಮಾನ್ಯ ಅಪವರ್ತನ ಅಂತ ಬಿಡಿಸಿ ಹೇಳಿದ ಮೇಲೇ ನಮಗೆ ತಿಳಿದದ್ದು.

ಮನೆಯಲ್ಲಿ ಶಹಾಬಾದ ಫರಸಿ ಹಾಸಿದ್ದಾರಲ್ಲ, ಅದನ್ನೇ ತೋರಿಸಿ ಹೇಳಿದೆವು. ಒಂದು ಖೋಲಿ 221 ಇಂಚು ಉದ್ದ, 195 ಇಂಚು ಅಗಲ ಅಂತಿಟ್ಟುಕೊ. ಒಂದೂ ಕಲ್ಲು ಒಡೆಯದೆ ಹಾಸಬಹುದಾದ ಅತಿ ದೊಡ್ಡ ಚೌಕದ ಫರಸಿ ಎಷ್ಟರದು? 195ರ ಒಂದು ಚೌಕ ತೆಗೆದರೆ 26 ಇಂಚಿನ ಪಟ್ಟಿ ಉಳಿಯುತ್ತದೆ. ಆ ಪಟ್ಟಿಯಲ್ಲಿ 26ರ ಏಳು ಚೌಕ ಹೋದರೆ 13 ಉಳಿಯಿತು. 26ರಲ್ಲಿ 13 ಎರಡು ಸಲ ಸರಿಯಾಗಿ ಕೂರುತ್ತದೆ. ಉತ್ತರ 13 ಇಂಚು.

ಕೋಡ್ ಮಾಡೋದೂ ಇಷ್ಟೇ. ದೊಡ್ಡದನ್ನು ಚಿಕ್ಕದರಿಂದ ಭಾಗಿಸು, ಚಿಕ್ಕದನ್ನು ದೊಡ್ಡದರ ಜಾಗಕ್ಕೆ ತಾ, ಶೇಷವನ್ನು ಚಿಕ್ಕದರ ಜಾಗಕ್ಕೆ ತಾ, ಶೇಷ ಸೊನ್ನೆ ಆಗೋವರೆಗೆ ತಿರುಗಿಸು. 195ರಿಂದ ಒಂದೊಂದೇ ಇಳಿಯುತ್ತ ನೋಡುವ ಲೂಪ್ 183 ಸಂಖ್ಯೆ ಪರೀಕ್ಷಿಸಬೇಕು. ಇಲ್ಲಿ ಮೂರೇ ಭಾಗಾಕಾರ. ಚಿಕ್ಕ ಸಂಖ್ಯೆಯಲ್ಲಿರುವ ಅಂಕಿಗಳ ಐದು ಪಟ್ಟಿಗಿಂತ ಹೆಚ್ಚು ಹೆಜ್ಜೆ ಎಂದೂ ಬೇಕಿಲ್ಲ ಅಂತ ಫ್ರಾನ್ಸಿನ ಲಾಮೆ 1844ರಲ್ಲಿ ಸಾಧಿಸಿದ. ಹತ್ತಂಕಿಯ ಸಂಖ್ಯೆಗೂ ಹೆಚ್ಚೆಂದರೆ 50.

221, 195 ನಾವು ಸುಮ್ಮನೆ ಆರಿಸಿದ್ದಲ್ಲ. 1150ರ 'ಲೀಲಾವತಿ'ಯಲ್ಲಿ ಭಾಸ್ಕರಾಚಾರ್ಯರು ಕೇಳಿದ ಲೆಕ್ಕ ಅದು: 221ನ್ನು ಎಷ್ಟರಿಂದ ಗುಣಿಸಿ 65 ಕೂಡಿದರೆ 195ರಿಂದ ಪೂರ್ತಿ ಭಾಗ ಹೋಗುತ್ತದೆ? ಮೊದಲು ಮೂರನ್ನೂ 13ರಿಂದ ಭಾಗಿಸಿದರೆ 17, 5, 15 ಆಗುತ್ತದೆ. ಉತ್ತರ 5. ಈ ವಿಧಾನದ ಹೆಸರು ಕುಟ್ಟಕ, ಅಂದರೆ ಕುಟ್ಟಿ ಪುಡಿ ಮಾಡುವುದು. ಆರ್ಯಭಟ 499ರಲ್ಲೇ ಇದನ್ನು ಹೇಳಿದ್ದ. ಇವತ್ತು ಆರ್‌ಎಸ್‌ಎ ಕೀ ತಯಾರಿಸುವಾಗ ಇದೇ ಬಗೆಯ ಲೆಕ್ಕ ಓಡುತ್ತದೆ. ಭಾಸ್ಕರರ ಊರು ವಿಜ್ಜಡವಿಡ ನಮ್ಮ ವಿಜಯಪುರವೇ ಅಂತ ಕೆಲವರು, ಜಳಗಾಂವ ಕಡೆಯದು ಅಂತ ಇನ್ನು ಕೆಲವರು. ಆ ಜಗಳ ತೀರಿಲ್ಲ.

ಎಲ್ಲ ಕೇಳಿ ತಂಗಿ ಅಂದಳು, "ಇಷ್ಟ ಏನು? ಇದು ನಮಗ ಬರ್ತೈತಿ." ಎರಡು ನಿಮಿಷ ಬಿಟ್ಟು ಮೆಲ್ಲಗೆ ಅಂದಳು, "ಆದ್ರ ನಾ ಸೈನ್ಸ್ ತಗೋಳಂಗಿಲ್ಲ. ಅಲ್ಲಿ ಎಲ್ಲಾ ಇಂಗ್ಲಿಷ್." ಗಣಿತದಲ್ಲಿ ನಮಗಿಂತ ಚುರುಕು ಇರುವ ಹುಡುಗಿ ಹಿಂದೆ ಸರಿಯುತ್ತಿರೋದು ಗಣಿತಕ್ಕೆ ಹೆದರಿ ಅಲ್ಲ. ಅವಳಿಗಾಗಿ ಕೋಡಿನ ಪ್ರತಿ ಸಾಲಿನ ಪಕ್ಕ ಕನ್ನಡದಲ್ಲಿ ಕಾಮೆಂಟ್ ಬರೆದು ಕೊಟ್ಟು ಬಂದೆವು. ಇನ್ನೂ ಏನೂ ನಿರ್ಧಾರ ಮಾಡಿಲ್ಲ ಅಂತಾಳೆ.

ನಿಮ್ಮ ಲ್ಯಾಬ್ ಬ್ಯಾಚಿನಲ್ಲೂ ಕನ್ನಡ ಮೀಡಿಯಂನಿಂದ ಬಂದು ಸುಮ್ಮನೆ ಕೂತವರು ಇರ್ತಾರೆ. ಒಂದು ಸಲ ಕನ್ನಡದಲ್ಲಿ ಹೇಳಿ ನೋಡಿ. ಬಹಳ ಸಲ ಅವರಿಗೆ ಉತ್ತರ ಮೊದಲೇ ಗೊತ್ತಿರುತ್ತದೆ.